ಹೋತು, ಹೋತು, ಹೋಗೇಬಿಡ್ತು

ಆಗಿನ ಬೇಸಿಗೆಗಳಲ್ಲಿ ಅಮೆರಿಕಾದ ಎವರ್‌ಗ್ರೀನ್ ಬಡಾವಣೆಯ ನಮ್ಮ ಬೀದಿಗೆ ಎರಡೇ ವಾಸನೆ. ಬೆಟ್ಟದ ಕಡೆಯಿಂದ ಬರುವ ಒಣಹುಲ್ಲಿನದು ಒಂದು, ಪಕ್ಕದ ಮನೆಯ ಗರಾಜಿನಿಂದ ಬರುವ ಸುಟ್ಟ ಜೋಳದ್ದು ಇನ್ನೊಂದು. ಆ ಗರಾಜಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಡೇಲ್ ಅಂಕಲ್ ಬೇಸ್‌ಬಾಲ್ ಆಟಗಾರರ ಹೆಸರುಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಹತ್ತಿರದ ಊರೊಂದರ ಚಿಕ್ಕ ಲೀಗಿನ ತಂಡಕ್ಕೆ ಅವರು ರೇಡಿಯೋ ಕಾಮೆಂಟ್ರಿ ಹೇಳುತ್ತಿದ್ದರು. ಇಪ್ಪತ್ತು ವರ್ಷದಿಂದ ಅದೇ ಕೆಲಸ. ದೊಡ್ಡ ಲೀಗಿನವರು ಕರೆದಾರು ಎಂದು ಕಾದು ಕಾದು ತಲೆ ಬೆಳ್ಳಗಾಗಿತ್ತು.

"ಒಬ್ಬ ಹುಡುಗನ ಹೆಸರನ್ನ ಅವನ ತಾಯಿ ಕರೆದ ಹಾಗೇ ಕರೀಬೇಕು, ಮೇಧಾ. ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು" ಅನ್ನುತ್ತಿದ್ದರು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ. ಆದರೆ ನನ್ನ ಹೆಸರಿನ 'ಧಾ' ಬರುವವರೆಗೂ ಅವರು ಬಿಟ್ಟಿರಲಿಲ್ಲ. ನನ್ನ ಟೀಚರುಗಳಲ್ಲಿ ಒಬ್ಬರೂ ಅಷ್ಟು ಕಷ್ಟಪಟ್ಟವರಲ್ಲ. ಅದಕ್ಕೇ ನಾನು ಅವರನ್ನು ಪೂರ್ತಿ ನಂಬಿದ್ದೆ.

ನನಗೆ ಹತ್ತು ತುಂಬಿದ ಆ ಬೇಸಿಗೆಯಲ್ಲಿ ಅಮ್ಮನ ತಾಯಿ, ಗಂಗಾಬಾಯಿ ಅಜ್ಜಿ, ಧಾರವಾಡದಿಂದ ಆರು ತಿಂಗಳಿಗೆಂದು ಬಂದಿದ್ದಳು. ಮಧ್ಯಾಹ್ನ ಮಂಡಕ್ಕಿಯ ಗಿರಮಿಟ್ ಕಲೆಸಿ, ಬೇಲಿಯ ಮೇಲಿಂದ ಒಂದು ಬಟ್ಟಲು ಡೇಲ್ ಅಂಕಲ್‌ಗೂ ಕೊಡುತ್ತಿದ್ದಳು. ಅವರು ಹಸಿಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ಸುರಿಸುತ್ತ "ಗುಡ್, ಗುಡ್" ಅನ್ನುವರು. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ "ಭಾಳ ಛಲೋ ಮನಶ್ಯಾ ಅಂವ" ಎಂದು ತೀರ್ಮಾನಿಸಿಬಿಟ್ಟಿದ್ದಳು.

ಬೀದಿಯ ಮಕ್ಕಳೆಲ್ಲ ಟೆನಿಸ್ ಬಾಲಿನಲ್ಲಿ ಬೇಸ್‌ಬಾಲ್ ಆಡುವಾಗ ನಾನು ರಿಸೈಕ್ಲಿಂಗ್ ಡಬ್ಬ ಬೋರಲು ಹಾಕಿ, ಅದರ ಮೇಲೆ ನಿಂತು ಕಾಮೆಂಟ್ರಿ ಹೇಳುತ್ತಿದ್ದೆ. ಚೆಂಡು ನಮ್ಮ ಮನೆಯ ಸೂರು ದಾಟಿದರೆ ಹೋಮ್‌ರನ್. ಒಂದು ದಿನ ಒಬ್ಬ ಹುಡುಗ ಹಾಗೆ ಹೊಡೆದಾಗ ನನ್ನ ಬಾಯಿಂದ ತಾನಾಗಿ ಬಂತು: "ಹೋತು, ಹೋತು, ಹೋಗೇಬಿಡ್ತು!" ಅದು ಅಜ್ಜಿಯ ಮಾತು. ಒಲೆಯ ಮೇಲೆ ಹಾಲು ಉಕ್ಕಿದಾಗಲೆಲ್ಲ ಅವಳು ಹಾಗೆ ಕೂಗುತ್ತ ಅಡುಗೆಮನೆಗೆ ಓಡುತ್ತಿದ್ದಳು. ವಾರದೊಳಗೆ ಬೀದಿಯ ಕೊರಿಯನ್, ಮೆಕ್ಸಿಕನ್, ವಿಯೆಟ್ನಾಮಿ ಮಕ್ಕಳೆಲ್ಲರ ಬಾಯಲ್ಲೂ ಹೋತು, ಹೋತು.

ಡೇಲ್ ಅಂಕಲ್ ಗರಾಜಿನಿಂದ ಎದ್ದು ಬಂದರು. "ಏನದು? ಇನ್ನೊಂದ್ಸಲ ಹೇಳು." ಹೇಳಿದೆ, ಹಾಲಿನ ಕಥೆಯನ್ನೂ ಹೇಳಿದೆ. ತಮ್ಮ ಸ್ಕೋರ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆಸಿಕೊಂಡರು. ಆಮೇಲೆ ನನ್ನ ಮುಖ ನೋಡಿ, "ಇದು ನಿನ್ನದು. ಸೀಸನ್ನಿನ ಕೊನೇ ಭಾನುವಾರ ನೀನು ನನ್ನ ಪಕ್ಕ ಕೂತು ಒಂದು ಇನ್ನಿಂಗ್ ಹೇಳ್ತೀಯ. ಅಲ್ಲಿವರೆಗೂ ಇದನ್ನ ಜೋಪಾನವಾಗಿಟ್ಟುಕೋ" ಅಂದರು.

ಆ ಎರಡು ತಿಂಗಳು ನಾನು ಕನ್ನಡಿಯ ಮುಂದೆ, ಕಾರಿನ ಹಿಂದಿನ ಸೀಟಿನಲ್ಲಿ, ಸ್ನಾನ ಮಾಡುವಾಗ ಕಾಮೆಂಟ್ರಿ ಹೇಳಿಕೊಂಡೆ. ಕೊನೆಯ ಭಾನುವಾರ ಅಜ್ಜಿ ಇಳಕಲ್ ಸೀರೆ ಉಟ್ಟಳು. ಅಮ್ಮ ನನಗೆ ಎರಡು ಜಡೆ ಹಾಕಿದಳು. ಮೈದಾನದಲ್ಲಿ, ಕಾಮೆಂಟ್ರಿಯವರು ಕೂರುವ ಪ್ರೆಸ್ ಬಾಕ್ಸಿನ ಮೆಟ್ಟಿಲ ಹತ್ತಿರ ಡೇಲ್ ಅಂಕಲ್ ನಮಗೆ ಎದುರಾದರು. ಕೋಟು ಹಾಕಿದ್ದರು.

"ಇವತ್ತು ಬೇಡ, ಮೇಧಾ. ದೊಡ್ಡ ತಂಡದವರು ನನ್ನ ಕಾಮೆಂಟ್ರಿ ಕೇಳೋಕೆ ಬಂದಿದಾರೆ. ನಿಂಗೆ ಅರ್ಥ ಆಗತ್ತೆ ಅಲ್ವಾ?"

ಅರ್ಥವಾಯಿತು. ಇಪ್ಪತ್ತು ವರ್ಷ ಕಾದವರು. "ಗುಡ್ ಲಕ್, ಅಂಕಲ್" ಅಂದೆ.

ಬಿಸಿಲಲ್ಲಿ ಕೂತು, ಪುಟ್ಟ ರೇಡಿಯೋದ ಇಯರ್‌ಫೋನನ್ನು ಅಜ್ಜಿಯ ಕಿವಿಗೊಂದು, ನನ್ನ ಕಿವಿಗೊಂದು ಸಿಕ್ಕಿಸಿಕೊಂಡೆವು. ಏಳನೇ ಇನ್ನಿಂಗಿನಲ್ಲಿ ನಮ್ಮ ತಂಡದವನೊಬ್ಬ ಚೆಂಡನ್ನು ಬೇಲಿಯಾಚೆಗೆ ಹೊಡೆದ. ಕಿವಿಯಲ್ಲಿ ಡೇಲ್ ಅಂಕಲ್ ಧ್ವನಿ ಏರಿತು: "ಹೋತು! ಹೋತು! ಹೋಗೇಬಿಡ್ತು!"

ಒಂದಕ್ಷರ ತಪ್ಪಿರಲಿಲ್ಲ. ಅಜ್ಜಿ ನನ್ನ ತೊಡೆಗೆ ಹೊಡೆದಳು. ಆ ಸಡಗರದಲ್ಲಿ ಅವಳ ಇಯರ್‌ಫೋನ್ ಕಳಚಿ ಬಿತ್ತು. "ಅಯ್ಯ ನಮ್ಮವ್ವ! ನನ್ನ ಮಾತು! ಕೇಳಿದೇನ?"

ನಾನು ಉಸಿರು ಹಿಡಿದು ಕಾದೆ. ಈಗ ನನ್ನ ಹೆಸರು ಹೇಳುತ್ತಾರೆ, ಅಜ್ಜಿಯ ಹೆಸರು ಹೇಳುತ್ತಾರೆ ಅಂತ. ಅವರ ಪಕ್ಕದ ಕಾಮೆಂಟ್ರಿಯವನು ನಗುತ್ತ ಕೇಳಿದ, "ಡೇಲ್, ಎಲ್ಲಿಂದ ಬಂತಪ್ಪ ಇದು?"

"ನಮ್ಮಜ್ಜಿದು" ಅಂದರು ಡೇಲ್ ಅಂಕಲ್. "ನಮ್ಮ ಹೊಲದ ಮನೇಲಿ ಹಾಲು ಉಕ್ಕಿದಾಗ ಹೀಗೇ ಕೂಗ್ತಿದ್ದಳು. ಹಿರಿಯರು ಬಿಟ್ಟು ಬಂದ ಹಳೇ ದೇಶದ ಮಾತು. ಅರ್ಥ ನಂಗೂ ಗೊತ್ತಿಲ್ಲ."

ಅಜ್ಜಿ ನನ್ನ ತೋಳು ಅಲುಗಿಸಿದಳು. "ಏನ್ ಹೇಳ್ಲಿಕತ್ತಾನ ಅಂವ? ಹೇಳ ಲಗೂನ."

ಅವಳ ಮುಖ ಅರಳಿತ್ತು. ಏನು ಹೇಳಬೇಕಿತ್ತು ನಾನು? "ನಿನ್ನ ಹೆಸರು ಹೇಳಿದ್ರು ಅಜ್ಜಿ. ಗಂಗಾಬಾಯಿ ಧಾರವಾಡ ಅಂದ್ರು."

ಮರುದಿನ ಬೆಳಿಗ್ಗೆ ಅಜ್ಜಿ ಶೇಂಗಾ ಉಂಡಿ ಕಟ್ಟಿ, ಡಬ್ಬಿ ತುಂಬಿಸಿ, ನನ್ನನ್ನು ಕರೆದುಕೊಂಡು ಪಕ್ಕದ ಮನೆಗೆ ಹೋದಳು. ಕೈಮುಗಿದು, "ನಿಮ್ಮ ಉಪಕಾರ ಮರೆಯೂದಿಲ್ಲರಿ" ಅಂದಳು. ಅದನ್ನು ನಾನು ಇಂಗ್ಲಿಷಿಗೆ ತರಬೇಕಿತ್ತು.

"ಹೆಸರು ಹೇಳಿದ್ದಕ್ಕೆ ಥ್ಯಾಂಕ್ಸ್ ಅಂತಿದಾಳೆ. ನೀವು ಅವಳ ಹೆಸರು ಹೇಳಿದ್ರಿ ಅಂತ ಅಜ್ಜಿಗೆ ಹೇಳಿದೀನಿ" ಅಂದೆ.

ಡೇಲ್ ಅಂಕಲ್ ಮುಖ ಕೆಂಪಾಯಿತು. ಆಗಲಾದರೂ ಏನಾದರೂ ಹೇಳುತ್ತಾರೆ ಅಂದುಕೊಂಡೆ. ನಮ್ಮನ್ನು ನೋಡಿ ಕಲಿತಿದ್ದ ಹಾಗೆ ಅವರು ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನನಗೆ ಮಾತ್ರ ಕೇಳುವಂತೆ, "ಆಟದ ಮಧ್ಯೆ ಅಷ್ಟೆಲ್ಲ ವಿವರಿಸೋಕಾಗಲ್ಲ, ಕಿಡ್ಡೋ" ಅಂದರು. ಮೇಧಾ ಅನ್ನಲಿಲ್ಲ.

ಎರಡು ವಾರದಲ್ಲಿ ಕೆಲಸದ ಕರೆ ಬಂತು. ದೀಪಾವಳಿಯ ಹೊತ್ತಿಗೆ ಪಕ್ಕದ ಮನೆ ಖಾಲಿ. ಬೇರೆ ರಾಜ್ಯದ ದೊಡ್ಡ ತಂಡದ ರೇಡಿಯೋದಲ್ಲಿ ಆ ಕೂಗು ಹೆಸರುವಾಸಿಯಾಯಿತು. ಟೋಪಿಗಳ ಮೇಲೂ ಅಚ್ಚಾಯಿತಂತೆ. ಅಪ್ಪನಿಗೆ ಎಲ್ಲ ಹೇಳಿದಾಗ ಅವರು ನಕ್ಕರು. "ಒಂದು ಮಾತು ತಾನೇ, ಪುಟ್ಟಿ? ಅಮೆರಿಕಾದೋರು ಕನ್ನಡ ಮಾತಾಡ್ತಿದಾರೆ ಅಂತ ಖುಷಿಪಡು." ತಮ್ಮ ಆಫೀಸಿನಲ್ಲಿ, ಆತ ನಮ್ಮ ನೇಬರ್ ಆಗಿದ್ದ ಅಂತ ಹೇಳಿಕೊಂಡು ತಿರುಗಿದರು. ಆಮೇಲೆ ನಾನು ಆ ವಿಷಯ ಯಾರ ಹತ್ತಿರವೂ ಎತ್ತಲಿಲ್ಲ. ಡಬ್ಬದ ಮೇಲೂ ಹತ್ತಲಿಲ್ಲ. ಮಕ್ಕಳು ಕರೆದರೆ ಗಂಟಲು ನೋವು ಅನ್ನುತ್ತಿದ್ದೆ.

ಅಜ್ಜಿ ಧಾರವಾಡಕ್ಕೆ ಹೋಗಿ, ತನ್ನ ಹೆಸರು ಅಮೆರಿಕಾದ ರೇಡಿಯೋದಲ್ಲಿ ಬಂತೆಂದು ಓಣಿಯವರಿಗೆಲ್ಲ ಹೇಳಿದಳು. ಇನ್ನೂ ಎಂಟು ವರ್ಷ ಬದುಕಿದ್ದಳು. ಪ್ರತಿ ಶನಿವಾರ ಫೋನ್ ಮಾಡಿದಾಗಲೂ ಅದೇ ಪ್ರಶ್ನೆ: "ಡೇಲ್ ಆರಾಮಿದ್ದಾನೇನ? ನನ್ನ ಹೆಸರು ಇನ್ನೂ ಹೇಳ್ತಾನೇನ?" ನಿಜ ಹೇಳಲಾರದೆ, ಮತ್ತೆ ಸುಳ್ಳೂ ಹೇಳಲಾರದೆ, ನಾನು ಫೋನನ್ನು ಬೇಗ ಅಮ್ಮನ ಕೈಗೆ ಕೊಡತೊಡಗಿದೆ. ಹೈಸ್ಕೂಲಿಗೆ ಬರುವಷ್ಟರಲ್ಲಿ ಅಜ್ಜಿಯ ಫೋನ್ ಬಂದರೆ ಹೊರಗೆ ಹೋಗಿಬಿಡುತ್ತಿದ್ದೆ.

ಹೋದ ತಿಂಗಳು ಡೇಲ್ ರಿಟೈರಾದರಂತೆ. ಗೆಳತಿಯೊಬ್ಬಳು ಸುದ್ದಿ ಕಳಿಸಿದ್ದಳು. ಅದರಲ್ಲಿ ಅವರ ಅಜ್ಜಿಯ ಹೊಲದ ಮನೆಯ ಕಥೆಯೂ ಇತ್ತು. ನಮ್ಮ ಮಾತು ಅವರದಾಗಿ ಹೋದದ್ದಕ್ಕೆ ಈಗ ಸಿಟ್ಟಿಲ್ಲ. ಆದರೆ ಎಂಟು ವರ್ಷದ ಶನಿವಾರಗಳು ಎಷ್ಟಾಗುತ್ತವೆ? ಕೊನೆಯ ಸಲ ಅಮ್ಮ ಬಲವಂತವಾಗಿ ಫೋನನ್ನು ನನ್ನ ಕಿವಿಗೆ ಹಿಡಿದಿದ್ದಳು. "ಯಾಕವಾ, ನನ್ನ ಕೂಡ ಮಾತಾಡ್ಲಿಕ್ಕೆ ನಿಂಗ ಮನಸಿಲ್ಲೇನ?" ಅಂದಳು ಅಜ್ಜಿ.

"ಹೋಮ್‌ವರ್ಕ್ ಇದೆ ಅಜ್ಜಿ" ಅಂದೆ.