ಕೂಸಿಗೆ ಉಸಿರು ನೆನಪಿಸಿದ ದಿನ

ಆ ದಿನ ಬೆಳಿಗ್ಗೆಯೂ ಹಾಲು ಕಾಸಿ, ರೊಟ್ಟಿ ಬಡಿದು, ಎರಡು ಡಬ್ಬಿ ಕಟ್ಟಿದೆ. ಒಂದು ಬಾಣಂತಿ ಮಗಳಿಗೆ, ಇನ್ನೊಂದು ಅವಳ ಅತ್ತೆಗೆ. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬ ನೇಮ ನಮ್ಮ ಜೈನರ ಮನೆಗಳಲ್ಲಿ ಎಲ್ಲರಿಗೂ ಇದೆ. ನಾನು ಒಮ್ಮೊಮ್ಮೆ ತಪ್ಪುತ್ತೇನೆ. ಉಗಾರ ಖುರ್ದದಿಂದ ಬಂದಿದ್ದ ನಮ್ಮ ಬೀಗತಿ ತಪ್ಪುವವರಲ್ಲ.

ಮಗಳ ಕೂಸು ಏಳು ತಿಂಗಳಿಗೇ ಹುಟ್ಟಿತ್ತು. ಚಿಕ್ಕೋಡಿಯ ದವಾಖಾನೆಯ ಗಾಜಿನ ಕೋಣೆಯಲ್ಲಿ ಅದರ ಮೂಗಿಗೆ ನಳಿಕೆ ಹಚ್ಚಿದ್ದರು. ನಳಿಕೆಯ ಇನ್ನೊಂದು ತುದಿ ನೀರಿನ ಬಾಟಲಿಯೊಳಗೆ ಹಗಲೂ ರಾತ್ರಿ ಗುಳುಗುಳು ಎನ್ನುತ್ತಿತ್ತು. ಬಾಗಿಲು ತೆರೆದಾಗ ಆ ಸಪ್ಪಳ ಕೇಳಿದರೆ ನಮಗೆ ಸಮಾಧಾನ. ಹಿಂದೊಮ್ಮೆ ನಳಿಕೆ ತೆಗೆದಾಗ ಕೂಸು ಉಸಿರಾಡಲಾರದೆ ಸೋತಿತ್ತು, ಮತ್ತೆ ಹಚ್ಚಿದ್ದರು.

"ಇವತ್ತ ಮತ್ತ ತಗದ ನೋಡ್ತೀವ್ರಿ," ಎಂದರು ಡಾಕ್ಟರು. "ಸಂಜೀತನಕ ತಾನs ಉಸರಾಡಿದ್ರ ತಾಯಿ ಎದಿ ಮ್ಯಾಲ ಕೊಡ್ತೀವಿ."

ಗುಳುಗುಳು ನಿಂತಿತು. ಸ್ವಲ್ಪ ಹೊತ್ತಿಗೆ ಕೂಸಿನ ಎದೆಯೂ ನಿಂತಂತೆ ಕಂಡಿತು. ನರ್ಸು ಬೆರಳಿನಿಂದ ಅಂಗಾಲು ತಿಕ್ಕಿದಳು, ಎದೆ ಮತ್ತೆ ಏರಿತು. ಹೊರಗೆ ಬಂದು ಹೇಳಿದಳು: "ಗಾಬರಿ ಆಗಬ್ಯಾಡ್ರಿ ಕಾಕೂ. ದಿನಾ ತುಂಬದ ಕೂಸು ಉಸರಾಡೂದ ಮರೀತಾವು. ನೆನಪ ಮಾಡಿದ್ರ ಆತು."

ಬೀಗತಿ ಚೀಲ ಕೆಳಗಿಟ್ಟರು. ಸೆರಗು ಸಿಗಿಸಿಕೊಂಡು ಗಾಜಿಗೆ ಮೂಗು ತಾಗುವಂತೆ ನಿಂತು, ಎಮ್ಮೆ ನೀರು ಕುಡಿದ ಹಾಗೆ ಉಸಿರೆಳೆದು ಬಿಡತೊಡಗಿದರು.

"ಅಕ್ಕಾರ, ಅದಕ್ಕ ಕೇಳಸೂದಿಲ್ರಿ," ಎಂದೆ.

"ಕೇಳಸೂದ ಯಾಕ ಬೇಕು? ತುತ್ತ ತಿನಸುವಾಗ ಮೊದಲ ನೀವ ಬಾಯಿ ತಗಿಯೂದಿಲ್ಲೇನ್ರಿ? ನೋಡಿ ಕಲೀತಾವು."

ಕೂಸಿನ ಕಣ್ಣು ಮುಚ್ಚಿತ್ತು. ಆದರೂ ನಾನು ಅವರ ಪಕ್ಕದಲ್ಲಿ ನಿಂತೆ. ಪಕ್ಕದವಳಿಗೆ ನಿನ್ನ ಉಸಿರು ಕೇಳಿಸಬಾರದೆಂದು ಚಿಕ್ಕಂದಿನಲ್ಲಿ ಕಾನ್ವೆಂಟ್ ಶಾಲೆಯಲ್ಲಿ ನನಗೆ ಕಲಿಸಿದ್ದರು, ಹಾಗಾಗಿ ಮೆಲ್ಲಗೆ ಎಳೆದೆ.

"ಕದ್ದ ಉಸರಾಡ್ತೀರೇನು? ಜೋರ ಎಳೀರಿ."

ಎಳೆದೆ. ಬೆಂಚಿನ ಮೇಲೆ ಅಥಣಿ ಕಡೆಯ ಅಜ್ಜ ಒಬ್ಬರಿದ್ದರು, ಅವರ ಮೊಮ್ಮಗನೂ ಒಳಗಿದ್ದ. ಇಬ್ಬರು ಹೆಣ್ಣುಮಕ್ಕಳು ಒಂದು ಕೂಸಿಗಾಗಿ ನಿಂತಿರುವಾಗ ತಾನು ಕುಳಿತಿರುವುದು ಚಂದವಲ್ಲ ಎನ್ನಿಸಿತೋ ಏನೋ, ಟೋಪಿ ತೆಗೆದು ಅವರೂ ಸೇರಿಕೊಂಡರು. ಚಹಾ ಮಾರುವವ ಕೆಟಲ್ ಹಿಡಿದು ನೋಡಿದ.

"ಯೋಗಾ ಕ್ಲಾಸ್ ಫುಕಟ್ ಏನೋ ಅಜ್ಜಾ?"

"ಫುಕಟ್ ಐತಿ. ಬಾ, ನಿಂದರು."

ಅವನೂ ನಿಂತ. ಸ್ವಲ್ಪ ಹೊತ್ತಿಗೆ ನನಗೆ ತಲೆ ತಿರುಗಿ ಬೆಂಚು ಹಿಡಿದೆ. ಡಾಕ್ಟರು ಬಾಗಿಲು ತೆರೆದು ಎಲ್ಲರನ್ನೂ ಒಂದು ಸಲ ನೋಡಿದರು.

"ಕೂಸು ಆರಾಮೈತಿ. ಆದ್ರ ಗಾಜೆಲ್ಲ ಮಸಕ ಮಾಡೀರಿ, ಒಳಗ ಏನ ಕಾಣತೈತ್ರಿ ನಿಮಗ?"

ಬೀಗತಿ ಸೆರಗಿನಿಂದ ಗಾಜು ಒರೆಸಿದರು, ಮತ್ತೆ ಶುರು ಮಾಡಿದರು. ಮಧ್ಯಾಹ್ನವೆಲ್ಲ ಹೀಗೇ. ನರ್ಸಿನ ಬೆರಳು ಅಂಗಾಲಿಗೆ ಹೋದಾಗಲೆಲ್ಲ ನಮ್ಮ ಸಾಲು ಜೋರಾಗುತ್ತಿತ್ತು. ಹೊತ್ತು ಹೋದಂತೆ ಆ ಬೆರಳು ಹೋಗುವುದೇ ಕಡಿಮೆಯಾಯಿತು. "ಅಕ್ಕಾರ, ಹೊತ್ತ ಮುಳಗತೈತಿ, ಉಣ್ರಿ," ಎಂದೆ. ಅವರು ಉಸಿರು ಬಿಡುತ್ತಲೇ ಕೈ ಅಲ್ಲಾಡಿಸಿದರು.

ಸಂಜೆ ನರ್ಸು ನಳಿಕೆಯಿಲ್ಲದ ಕೂಸನ್ನು ಮಗಳ ಎದೆಯ ಮೇಲೆ ಮಲಗಿಸಿದಳು. ಅದರ ಮೂಗಿನ ಕೆಳಗೆ ನಳಿಕೆಗೆ ಅಂಟಿಸಿದ್ದ ಪಟ್ಟಿಯ ಕೆಂಪು ಗುರುತು ಉಳಿದಿತ್ತು. ಬೀಗತಿ ಆಗ ಮಾತ್ರ ಬಾಯಿ ಮುಚ್ಚಿದರು. ಕಿಟಕಿಯಾಚೆ ಕತ್ತಲಾಗಿತ್ತು. ಬಿಚ್ಚದ ಡಬ್ಬಿಯನ್ನು ಅಜ್ಜನ ಕೈಗಿಟ್ಟು, "ನಿಮ್ಮ ಮೊಮ್ಮಗಂದ ನಳಿಕಿ ತಗದಾಗ ಹೇಳಿ ಕಳಸ್ರಿ, ಬರ್ತೀನಿ," ಎಂದರು.

ನಾನು ಮನೆಗೆ ಬಂದು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯಾಕೆ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದಳು. ಕೂಸು ತಾನೇ ಉಸಿರಾಡುತ್ತಿದೆ ಎಂದೆ.

"ಚಲೋ ಆತ ಬಿಡ್ರಿ ವೈನಿ," ಎಂದಳು. ಬಟ್ಟಲು ಚಾಚಿ ನನ್ನ ಮುಖ ನೋಡಿದಳು. "ಅದಿರ್ಲಿ, ನಿಮಗ ಯಾವಾಗಿಂದ ದಮ್ಮ ಹತ್ತೇತ್ರಿ? ನಮ್ಮ ಅಡಗಿಮನಿತನಕ ಕೇಳಸಾಕತ್ತೈತಿ."