ತಡವಾದದ್ದಕ್ಕೆ ಕಾರಣ

ಅಕ್ಕಾರ ಒಂಬತ್ತು ಬೆರಳುಗಳ ಉಗುರುಗಳು ಸದಾ ಗಿಡ್ಡಗೆ ಕತ್ತರಿಸಿರುತ್ತಿದ್ದವು. ಬಲಗೈ ಹೆಬ್ಬೆರಳಿನದು ಮಾತ್ರ ಉದ್ದ. ಆ ಉಗುರಿನಿಂದ ಅವರು ರಟ್ಟಿನ ಪೆಟ್ಟಿಗೆಯ ಮೂಲೆಯನ್ನು ಮೆಲ್ಲಗೆ ಎಬ್ಬಿಸಿ, ಒಳಗೆ ಎಷ್ಟು ಪದರ ಇವೆ ಎಂದು ಎಣಿಸುತ್ತಿದ್ದರು. ನಮ್ಮ ಕಡೆ ಈ ಪೆಟ್ಟಿಗೆಗೆ ಖೋಕಾ ಎನ್ನುತ್ತಾರೆ. ಐದು ಪದರ ಎಂದು ಬರೆದುಕೊಟ್ಟು ಮೂರು ಪದರದ ಖೋಕಾ ಕಳಿಸಿದ ಎಷ್ಟೋ ವ್ಯಾಪಾರಿಗಳ ಮುಖ ಆ ಉಗುರಿನ ಮುಂದೆ ಸಪ್ಪಗಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸೊಲ್ಲಾಪುರದ ಒಂದು ಟಾವೆಲ್ ಕಾರ್ಖಾನೆಯಲ್ಲಿ ಖರೀದಿ ವಿಭಾಗದ ಹಿರಿಯ ಗುಮಾಸ್ತೆ ಅವರು. ನೂಲು, ಬಣ್ಣ, ಮಗ್ಗದ ಬಿಡಿಭಾಗ, ಖೋಕಾ, ಎಲ್ಲ ಅವರ ಕೈಯಿಂದಲೇ ಬರಬೇಕು. ನಾನು ಪಕ್ಕದ ಹಳ್ಳಿ ಕುಂಭಾರಿಯವಳು, ಕನ್ನಡ ಸಾಲೆಯಲ್ಲಿ ಕಲಿತವಳು. ನೌಕರಿ ಕೇಳಲು ಹೋದ ದಿನ ಮುರುಕು ಮರಾಠಿಯಲ್ಲಿ ಬೆವರುತ್ತ ಉತ್ತರ ಹೇಳುತ್ತಿದ್ದೆ. ಅಕ್ಕಾರು ಎರಡು ಉತ್ತರ ತಡೆದುಕೊಂಡರು. ಮೂರನೆಯದಕ್ಕೆ, "ಯಾಕವಾ, ಇಷ್ಟ್ಯಾಕ ಕಷ್ಟ ಪಡಾಕತ್ತಿ? ಕನ್ನಡದಾಗ ಹೇಳು. ನಾನೇನು ಪರದೇಶದಾಕಿ ಅಲ್ಲ, ಭಂಡಾರಕವಠೆಯಾಕಿ" ಅಂದರು. ಹೊಟ್ಟೆ ತಣ್ಣಗಾಯಿತು. ಆವತ್ತಿನಿಂದ ಹನ್ನೊಂದು ವರ್ಷ ಅವರ ಎದುರಿನ ಕುರ್ಚಿಯಲ್ಲಿ ಕೂತೆ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವರ ಒಂದು ರೂಢಿಯಂತೂ ನನ್ನ ತಲೆ ಕೆಡಿಸುತ್ತಿತ್ತು. ದಿನಾ ಬೆಳಿಗ್ಗೆ ಬಂದವರೇ ಫೋನು ಹಿಡಿದು ಎಂಟು ಹತ್ತು ವ್ಯಾಪಾರಿಗಳ ಜೊತೆ ಮಾತಿಗೆ ಕೂತುಬಿಡುತ್ತಿದ್ದರು. ದರದ ಮಾತೇ ಇಲ್ಲ. ಅಕ್ಕಲಕೋಟೆಯ ಖೋಕಾದವರ ಮನೆಯಾಕೆ ವೈನಿಯ ಮೊಣಕಾಲು ಹೇಗಿದೆ, ಸೊಸೆಗೆ ಬಿ.ಎಡ್. ಸೀಟು ಸಿಕ್ಕಿತೋ ಇಲ್ಲವೋ, ಊರಲ್ಲಿ ಮಳೆ ಆಯಿತೋ, ಬರೀ ಇಂಥವೇ. ಒಂದು ದಿನ ನಾನು ತಡೆಯಲಾರದೆ, "ಒಂದು ಮೇಲ್ ಹಾಕಿದ್ರ ಮುಗೀತದಲ್ರಿ ಅಕ್ಕಾರ, ಇಷ್ಟು ಪುರಾಣ ಯಾಕ?" ಅಂದುಬಿಟ್ಟೆ.

"ದರ ಹಾಳಿ ಮ್ಯಾಲ ಬರತದ ತಂಗಿ," ಅಂದರು, ನಂಬರು ಒತ್ತುತ್ತಲೇ. "ಮಾಲು ಮನಷ್ಯಾ ಕಳಸ್ತಾನ."

ಎರಡು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ನಮ್ಮ ವಿಭಾಗಕ್ಕೆ ಕೃತಕ ಬುದ್ಧಿಯ ಯಂತ್ರ ಬಂತು. ಯಂತ್ರ ಎಂದರೆ ಕಣ್ಣಿಗೆ ಕಾಣುವಂಥದ್ದೇನಲ್ಲ, ಅದೇ ಹಳೆಯ ಕಂಪ್ಯೂಟರಿನೊಳಗೆ ಬಂದು ಕೂತ ಹೊಸ ಗುಮಾಸ್ತ. ಇಪ್ಪತ್ತು ಜನರ ಕೊಟೇಶನ್ ಓದುತ್ತದೆ, ತಾಳೆ ನೋಡುತ್ತದೆ, ಯಾರು ಮಾಲನ್ನು ಹೇಳಿದ ದಿನಕ್ಕೆ ಕಳಿಸಿದ್ದಾರೆ ಎಂದು ಹಳೆಯ ದಾಖಲೆ ತೆಗೆದು ಅಂಕ ಕೊಡುತ್ತದೆ, ಆರ್ಡರನ್ನೂ ತಾನೇ ಬರೆಯುತ್ತದೆ. ನಾವು ನಾಲ್ವರು ದಿನವಿಡೀ ಮಾಡುವ ಕೆಲಸ ಮೊದಲ ಚಹಾದೊಳಗೆ ಮುಗಿದಿತ್ತು. ನಮ್ಮ ಪಾಲಿಗೆ ಉಳಿದದ್ದು ಕೊನೆಗೆ 'ಮಂಜೂರು' ಎಂಬ ಬಟನ್ ಒತ್ತುವುದು.

ಅಕ್ಕಾರು ಹೆದರುತ್ತಾರೆ ಅಂದುಕೊಂಡಿದ್ದೆ. ಅವರಿಗೆ ಖುಷಿಯೋ ಖುಷಿ. ಕಲಿಸಲು ಪುಣೆಯಿಂದ ಬಂದಿದ್ದ ಇಂಜಿನಿಯರ್ ಹೆಣ್ಣುಮಗಳನ್ನು, ನಾವು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಇದು ಏನು ಮಾಡುತ್ತದೆ ಎಂದು ಕೇಳಿದರು. ಕೆಲಸ ಮಾಡುತ್ತಲೇ ಇರುತ್ತದೆ ಎಂದರು ಆಕೆ. "ಪಾಪ," ಅಂದರು ಅಕ್ಕಾರು, ನಿಜವಾದ ಕನಿಕರದಿಂದ.

ನನಗೆ ಮಾತ್ರ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. ನಾಲ್ವರಲ್ಲಿ ಒಬ್ಬರನ್ನು ಗೋದಾಮಿಗೆ ಹಾಕಿದರು, ಇನ್ನೊಬ್ಬರನ್ನು ಮನೆಗೆ ಕಳಿಸಿದರು. ದೀಪಾವಳಿಗೆ ಅಕ್ಕಾರ ನಿವೃತ್ತಿ. ಆಮೇಲೆ ಈ ವಿಭಾಗಕ್ಕೆ ಒಬ್ಬರಾದರೂ ಬೇಕೋ ಬೇಡವೋ ನೋಡೋಣ ಎಂದು ಕಾರ್ಖಾನೆಯ ಮಾಲೀಕರು, ನಮ್ಮ ಸಾವಕಾರರು, ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಗಂಡನ ಮಗ್ಗದ ಕೆಲಸ ನಿಂತು ಎರಡು ವರ್ಷ. ಮನೆ ನಡೆಯುತ್ತಿದ್ದದ್ದು ನನ್ನ ಈ ನೌಕರಿಯ ಮೇಲೆ. ಯಂತ್ರಕ್ಕಿಂತ ನಾನೇನೂ ನಿಧಾನ ಅಲ್ಲ ಎಂದು ತೋರಿಸುವ ಹುಚ್ಚು ಹಿಡಿಯಿತು. ಅದು ಹೇಳಿದ್ದಕ್ಕೆಲ್ಲ ಟಕ್ ಟಕ್ ಎಂದು ಮಂಜೂರು ಒತ್ತತೊಡಗಿದೆ.

ಮಳೆಗಾಲದಲ್ಲಿ ಅಕ್ಕಾರು ತಮ್ಮನ ಮಗಳ ಬಾಣಂತನಕ್ಕೆಂದು ಹದಿನೈದು ದಿನ ಊರಿಗೆ ಹೋದರು. ಅದೇ ಹೊತ್ತಿಗೆ ಯಂತ್ರ ಒಂದು ಸಲಹೆ ಕೊಟ್ಟಿತು. ಅಕ್ಕಲಕೋಟೆಯ ಖೋಕಾದವರು ಪ್ರತಿ ಸಲವೂ ಎರಡು ಮೂರು ದಿನ ತಡ ಮಾಡಿದ್ದಾರೆ, ಅವರನ್ನು ಬಿಟ್ಟು ದೂರದ ಇನ್ನೊಬ್ಬರಿಗೆ ಆರ್ಡರ್ ಕೊಡುವುದು ಒಳ್ಳೆಯದು ಎಂದು. ನಾನು ಒತ್ತಿದೆ. ಇನ್ನು ನಿಮ್ಮ ಮಾಲು ಬೇಡ ಎಂದು ಅಕ್ಕಲಕೋಟೆಯವರಿಗೆ ಕಳಿಸುವ ಪತ್ರವನ್ನೂ ಅದೇ ಮರಾಠಿಯಲ್ಲಿ ಬರೆಯಿತು. ಅದಕ್ಕೂ ಒತ್ತಿದೆ.

ಹೊಸಬರು ಹೇಳಿದ ದಿನಕ್ಕೆ ಸರಿಯಾಗಿ ಖೋಕಾ ಇಳಿಸಿ ಹೋದರು. ಪ್ಯಾಕಿಂಗಿಗೆ ಇನ್ನೂ ಮೂರು ದಿನ ಇತ್ತು. ನಮ್ಮ ಗೋದಾಮಿನದು ತಗಡಿನ ಮಾಡು. ಮಳೆ ಹತ್ತಿಕೊಂಡಿತು. ಮೂರನೆಯ ದಿನ ನೋಡಿದರೆ ಖೋಕಾಗಳೆಲ್ಲ ನೆನೆದ ರೊಟ್ಟಿಯ ಹಾಗೆ ಮೆತ್ತಗಾಗಿದ್ದವು. ಟಾವೆಲ್ ತುಂಬಿ ಒಂದರ ಮೇಲೊಂದು ಇಟ್ಟರೆ ಕೆಳಗಿನವು ಕುಸಿಯುತ್ತಿದ್ದವು. ವಿದೇಶಕ್ಕೆ ಹೋಗುವ ಕಂಟೇನರ್ ಅಂದಿನಿಂದ ನಾಲ್ಕನೇ ದಿನ ಹೊರಡಬೇಕು.

ಸಾವಕಾರರು ಕರೆಸಿದರು. "ಬಟಣ ಕೋಣೀ ದಾಬಲಂ?" ಎಂದು ಮರಾಠಿಯಲ್ಲಿ ಕೇಳಿದರು. ಬಟನ್ ಒತ್ತಿದ್ದು ಯಾರು? ನನ್ನ ಹೆಸರು ಪರದೆಯ ಮೇಲೆಯೇ ಇತ್ತು. ನಾನೇ ಅಂದೆ. ಆವತ್ತೇ ಬೆಳಿಗ್ಗೆ ಊರಿನಿಂದ ಬಂದಿದ್ದ ಅಕ್ಕಾರು ಕೈಚೀಲವನ್ನೂ ಇಳಿಸದೆ ನನ್ನ ಪಕ್ಕದಲ್ಲಿ ಬಂದು ನಿಂತರು.

"ಬಟಣ ಒತ್ತಿದಾಕಿ ಇಕಿ ಖರೆ. ಆದ್ರ ತಪ್ಪು ನಂದರಿ," ಅಂದರು. "ನಮ್ಮ ಗೋದಾಮಿನ್ಯಾಗ ಖೋಕಾ ಥಂಡಿ ಹಿಡೀತಾವ. ಅದಕ್ಕ ನಾನ ಅವರಿಗಿ ಫೋನ್ ಮಾಡಿ, ಅಣ್ಣಾ, ಎರಡು ದಿನ ನಿಮ್ಮ ಶೆಡ್‌ನ್ಯಾಗ ಇಟಗೋರಿ, ಪ್ಯಾಕಿಂಗ್ ದಿನಾನ ಕಳಸ್ರಿ ಅಂತಿದ್ದೆ. ರಜಿಸ್ಟರದಾಗ ಬಂದ ತಾರೀಖ ಬರದೆ. ಯಾಕ ತಡಾ ಆತು ಅಂತ ಬರೀಲಿಲ್ಲ. ಬರೀಲಾರದ್ದು ಇಕಿಗಿ ಹ್ಯಾಂಗ ತಿಳೀಬೇಕು? ಆ ಮಶೀನಿಗರ ಹ್ಯಾಂಗ ತಿಳೀಬೇಕು?"

ಸಾವಕಾರರು, ಕಂಟೇನರ್ ಹೊರಟರೆ ಆಮೇಲೆ ಮಾತಾಡೋಣ ಅಂದರು. ಹೊರಡದಿದ್ದರೆ ನನ್ನ ಗತಿ ಏನು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಕ್ಕಾರು ಅಕ್ಕಲಕೋಟೆಗೆ ಫೋನು ಮಾಡಲಿಲ್ಲ. "ಇದು ಫೋನಿನ್ಯಾಗ ಆಗೂ ಮಾತಲ್ಲ, ನಡಿ" ಎಂದು ನನ್ನನ್ನು ಎಬ್ಬಿಸಿಕೊಂಡು ಸೀಟಿನ ಲೆಕ್ಕದಲ್ಲಿ ಜನರನ್ನು ಒಯ್ಯುವ ವಡಾಪ್ ಜೀಪು ಹತ್ತಿದರು. ಗುರುವಾರ, ಜೀಪಿನ ತುಂಬ ಅಕ್ಕಲಕೋಟೆಯ ಸ್ವಾಮಿಗಳ ದರ್ಶನಕ್ಕೆ ಹೊರಟವರು. ಇಬ್ಬರು ಕೂರುವಲ್ಲಿ ನಾಲ್ವರು. ನಮ್ಮ ಕುಂಭಾರಿ ದಾಟುವಾಗ ನಾನು ತಲೆ ತಗ್ಗಿಸಿಕೊಂಡೇ ಕೂತಿದ್ದೆ.

ಖೋಕಾದವರು ನಮ್ಮನ್ನು ಕಂಡು ಎದ್ದು ನಿಂತರು, ಆದರೆ ಬರ್ರಿ ಅನ್ನಲಿಲ್ಲ. ಅಂಗಿಯ ಕಿಸೆಯಿಂದ ಆ ಪತ್ರ ತೆಗೆದರು. ಮಡಿಕೆ ಸವೆದಿತ್ತು.

"ಇಷ್ಟು ಛಂದ ಮರಾಠಿ ನೀವು ಯಾವತ್ತೂ ಬರದಿಲ್ರಿ ಅಕ್ಕಾರ. ನೀವು ಬರದದ್ದಲ್ಲಂತ ಅದಕ್ಕ ಗೊತ್ತಾತು."

"ಗೊತ್ತಾದ್ರ ಒಂದು ಫೋನ್ ಮಾಡಬಾರದೇನ್ರಿ ಅಣ್ಣಾ?"

"ದಿನಾ ನೀವ ಮಾಡತಿದ್ರಿ. ನಾಳಿ ಬರತದ, ನಾಳಿ ಬರತದ ಅಂತ ಕಾಯ್ಕೋತ ಕುಂತೆ."

ಅಕ್ಕಾರು ಊರಲ್ಲಿದ್ದ ಆ ಹದಿನೈದು ದಿನ ಬೆಳಗಿನ ಫೋನು ಮಾಡಬೇಕಾದವಳು ನಾನು. ಒಂದೂ ಮಾಡಿರಲಿಲ್ಲ. ನನ್ನಿಂದ ಸುಮ್ಮನಿರಲು ಆಗಲಿಲ್ಲ. "ಒತ್ತಿದಾಕಿ ನಾನ್ರಿ, ಫೋನ್ ಮಾಡಲಾರದಾಕಿನೂ ನಾನ. ತಪ್ಪಾತ್ರಿ," ಅಂದೆ. ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಅವರು ನನ್ನನ್ನು ಒಂದು ಗಳಿಗೆ ನೋಡಿ, ಒಳಗೆ ತಿರುಗಿ ಮೂರು ಚಹಾ ಹೇಳಿದರು.

ನಾಲ್ಕನೇ ದಿನ ಬೆಳಿಗ್ಗೆ, ಪ್ಯಾಕಿಂಗಿನವರು ಕೆಲಸಕ್ಕೆ ಬರುವ ಮೊದಲೇ ಅವರ ಟೆಂಪೊ ಗೇಟಿನ ಮುಂದೆ ನಿಂತಿತ್ತು. ಅಕ್ಕಾರು ಹೋಗಿ ಒಂದು ಖೋಕಾದ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನೋಡಿಯೇ ಒಳಗೆ ಬಿಟ್ಟರು. ಸ್ನೇಹ ಬೇರೆ, ಪದರ ಬೇರೆ. ಸಂಜೆಯೊಳಗೆ ಕಂಟೇನರ್ ಹೊರಟಿತು.

ನಿವೃತ್ತಿಗೆ ಉಳಿದ ದಿನಗಳಲ್ಲಿ ಅವರು ಒಂದು ಕೆಲಸ ಹಿಡಿದರು. ಪುಣೆಯ ಆ ಇಂಜಿನಿಯರಿಗೆ ಹೇಳಿ ಯಂತ್ರದಲ್ಲಿ 'ಕಾರಣ' ಎಂಬ ಹೊಸ ಕಾಲಂ ಮಾಡಿಸಿದರು. ಅವರು ಹೇಳುವುದು, ನಾನು ಟೈಪು ಮಾಡುವುದು. ಈ ನೂಲಿನವರು ಶ್ರಾವಣ ಸೋಮವಾರ ಫೋನು ಎತ್ತುವುದಿಲ್ಲ, ತಪ್ಪು ತಿಳಿಯಬೇಡಿ. ಈ ಬಣ್ಣದವರ ಎರಡನೆಯ ಮಗ ಹೇಳಿದ ತಾರೀಖು ನಂಬಿ, ಮೊದಲನೆಯವನು ಹೇಳಿದ್ದಕ್ಕೆ ನಾಲ್ಕು ದಿನ ಕೂಡಿಸಿ. ಮೂವತ್ತು ವರ್ಷ ಅವರ ತಲೆಯೊಳಗಷ್ಟೇ ಇದ್ದದ್ದು ಹೀಗೆ ಕನ್ನಡದಲ್ಲೇ ಒಳಗೆ ಹೋಯಿತು. ಯಂತ್ರಕ್ಕೆ ಅದೂ ತಿಳಿಯುತ್ತಿತ್ತು.

ಕೊನೆಯ ದಿನ ಶಾಲು ಹೊದಿಸಿದ ಸಾವಕಾರರಿಗೆ ಅವರು ಹೇಳಿದ್ದು ಇಷ್ಟೇ: "ಮಶೀನ ಛಲೋ ಅದರಿ. ಆದ್ರ ಯಾಕ ಅಂತ ಕೇಳಾಕ ಒಬ್ಬರು ಬೇಕು. ಇಕಿನ್ನ ಇಟಗೋರಿ." ನಾನು ಇಂದಿಗೂ ಆ ಕುರ್ಚಿಯಲ್ಲಿದ್ದೇನೆ. ನನ್ನ ಮನೆಯ ಒಲೆ ಉರಿಯುತ್ತಿರುವುದು ಆ ಒಂದು ಮಾತಿನಿಂದ. ಅವರಿದ್ದಾಗ ಇದನ್ನು ಅವರೆದುರು ಹೇಳಲು ಹೋದರೆ, "ಸಾಕು ಸುಮ್ಮಕುಂದ್ರು, ಫೋನ್ ಮಾಡಿದ್ಯಾ?" ಎನ್ನುತ್ತಿದ್ದರು. ಮಾಡುತ್ತೇನೆ, ದಿನಾ ಬೆಳಿಗ್ಗೆ. ವೈನಿಯ ಮೊಣಕಾಲು ಈಗ ಪರವಾಗಿಲ್ಲ.

ಈ ವರ್ಷ ಮಾಘದಲ್ಲಿ ಅಕ್ಕಾರು ಭಂಡಾರಕವಠೆಯ ತಮ್ಮನ ಮನೆಯಲ್ಲಿ ತೀರಿಕೊಂಡರು. ಹೆಚ್ಚು ನರಳಲಿಲ್ಲ. ಆವತ್ತೇ ಮಣ್ಣಾಯಿತು. ಮರುದಿನ ನಾನು ಕೆಲಸಕ್ಕೆ ಬಂದು ಕಂಪ್ಯೂಟರ್ ತೆರೆದಾಗ ಪರದೆಯ ಮೇಲೆ ಒಂದು ಪ್ರಶ್ನೆ ಕಾಯುತ್ತಿತ್ತು. ಅಕ್ಕಲಕೋಟೆಯ ಖೋಕಾ ನಿನ್ನೆ ಬರಬೇಕಿತ್ತು, ಬಂದಿಲ್ಲ, ಈ ಸಲ ತಡ ಮಾಡಲು ನಾವೂ ಹೇಳಿಲ್ಲ, ಕಾರಣವೇನು ಎಂದು.

ಅಕ್ಕಾರು ಮಾಡಿಸಿದ ಆ ಕಾಲಮಿನಲ್ಲಿ ಬರೆದೆ: 'ಖೋಕಾದವರು ನಮ್ಮ ಅಕ್ಕಾರ ಮಣ್ಣಿಗೆ ಬಂದಿದ್ದರು. ನಾನೂ ಅಲ್ಲೇ ಇದ್ದೆ.'