ಮೂರು ಪೀಪಿಗಳು

ಹೋದ ವಾರ ಮನೆಗೆ ಬಣ್ಣ ಹೊಡೆಸುವ ಗಲಾಟೆಯಲ್ಲಿ ಅಟ್ಟದ ಮೇಲಿನ ಸಾಮಾನೆಲ್ಲ ಹಾಲಿಗೆ ಇಳಿದಿತ್ತು. ತಳ ಸೀದ ಕುಕ್ಕರು, ತಿರುಗದ ಟೇಬಲ್ ಫ್ಯಾನು, ಯಾವತ್ತೋ ಬೇಕಾಗಬಹುದು ಅಂತ ಎತ್ತಿಟ್ಟ ನೂರೆಂಟು ಡಬ್ಬಗಳು. ಎಲ್ಲದರ ಕೆಳಗೆ ಹಸಿರು ಕ್ಯಾನ್ವಾಸಿನ ಒಂದು ಹೆಗಲಚೀಲ. ಬಣ್ಣದವನು ಅದನ್ನು ಎತ್ತಿ ಒಂದು ಸಲ ಕೊಡವಿದ. ಒಳಗೆ ಏನೋ ಲೊಟಲೊಟ ಅಂದಿತು. ಜೊತೆಗೇ ಆ ವಾಸನೆ... ನೀರು ಇಳಿಯದ ಹಾಗೆ ಕ್ಯಾನ್ವಾಸಿಗೆ ಬಳಿದ ಮೇಣದ ವಾಸನೆ, ಅದರೊಳಗೆ ಬೀಟೆ ಮರದ ಹುಡಿಯ ವಾಸನೆ. ನಾನು ನಿಂತಲ್ಲೇ ಕೂತುಬಿಟ್ಟೆ. "ಇದನ್ನ ಗುಜರಿಗೆ ಹಾಕ್ಲಾ ಮೇಡಂ?" ಅಂದ ಅವನು. ಅವನ ಮೇಲೆ ಯಾಕೆ ಹಾಗೆ ರೇಗಿದೆನೋ, ಪಾಪ, ಅವನಿಗೇನು ಗೊತ್ತು.

ಆಗ ನನಗೆ ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ತೊಂಬತ್ತರ ದಶಕದ ನಡುವಿನ ಮಾತು. ಜಯನಗರ ಮುಗಿದು ತಿಲಕ್ ನಗರ ಶುರುವಾಗುವ ಕಡೆ ಒಂದು ಮಹಡಿಯ ಮನೆಯನ್ನು ಬಾಡಿಗೆಗೆ ಹಿಡಿದಿದ್ದೆವು. ಮನೆ ನೋಡಲು ಹೋದ ದಿನ ಎಲ್ಲ ಚೆನ್ನಾಗಿತ್ತು. ಸಾಮಾನು ಇಳಿಸಿ ಹಾಲು ಉಕ್ಕಿಸುತ್ತಿದ್ದೇನೆ, ಅಡುಗೆಮನೆಯ ನೆಲದಡಿಯಿಂದ ಬಾತುಕೋಳಿ ಕೂಗಿತು! ಒಂದಲ್ಲ, ಎರಡಲ್ಲ, ಸಂಜೆಯವರೆಗೂ ಕೂಗಿದ್ದೇ ಕೂಗಿದ್ದು. ನಮ್ಮವರನ್ನು ಹಿಡಿದು ಜಾಡಿಸಿದೆ. "ಬಾತುಕೋಳಿ ಸಾಕಿದೋರ ಮನೆ ಮೇಲೆ ತಂದು ಕೂರಿಸಿದ್ದೀರಲ್ಲಾ, ಕೇಳಿ ತಿಳ್ಕೊಂಡು ಬರೋದಲ್ವಾ?"

ಬಾತುಕೋಳಿಯಲ್ಲ, ಕೆಳಗಿನ ಮನೆ ಅಕ್ಕ.

ಓನರ್ ಅಂಕಲ್‌ ಅವರ ಮನೆತನದ ಕಸುಬೇ ಅದು. ಅವರ ತಂದೆಯ ಕಾಲದಲ್ಲಿ ಶಿಕಾರಿಗೆ ಹೋಗುವ ದೊಡ್ಡವರಿಗೆ ಕೌಜುಗ, ಬುರ್ಲಿ, ಕಾಡು ಬಾತುಗಳ ದನಿಯಲ್ಲಿ ಕೂಗುವ ಮರದ ಪೀಪಿಗಳನ್ನು ಮಾಡಿಕೊಡುತ್ತಿದ್ದರಂತೆ. ಪೊದೆಯ ಹಿಂದೆ ಕೂತು ಊದಿದರೆ ಹಕ್ಕಿ ತನ್ನವರೇ ಕರೆದರು ಅಂದುಕೊಂಡು ಬರಬೇಕು. ನಮ್ಮಲ್ಲಿ ಬೇಟೆ ಬಂದ್ ಆದ ಮೇಲೆ ಹೊರದೇಶದಿಂದ ಬಾತಿನ ಪೀಪಿಗೆ ಆರ್ಡರ್ ಹಿಡಿದರು. ಜೊತೆಗೆ ಚಾರಣದವರಿಗೆ ಬೇಕಾದ ಚೀಲ, ಟೆಂಟು, ನೀರಿನ ಬಾಟಲಿಯ ಕವಚ. ಹಿತ್ತಲಿನ ಶೆಡ್ಡಿನಲ್ಲಿ ಅಂಕಲ್ ಮತ್ತು ಅವರ ಮಗ ಬೀಟೆ ಮರವನ್ನು ಲೇತಿಗೆ ಕೊಟ್ಟು ಕೊಳವೆ ಕಡೆಯುತ್ತಿದ್ದರು. ಒಳಗೆ ಕೂರಿಸುವ, ಊದಿದರೆ ಅದುರಿ ದನಿ ಹೊರಡಿಸುವ ನಾಲಿಗೆಗೆ ಹಳೆಯ ಎಕ್ಸ್-ರೇ ಫಿಲ್ಮು. ಗುಜರಿಯಿಂದ ಕಟ್ಟುಗಟ್ಟಲೆ ತಂದು ಬೆರಳಗಲಕ್ಕೆ ಕತ್ತರಿಸುತ್ತಿದ್ದರು. ಬೆಳಕಿಗೆ ಹಿಡಿದರೆ ಪ್ರತಿ ನಾಲಿಗೆಯಲ್ಲೂ ಯಾರದೋ ಪಕ್ಕೆಲುಬೋ ಮೊಣಕಾಲೋ ಕಾಣುತ್ತಿತ್ತು.

ಆದರೆ ಕಡೆದರೆ, ಕತ್ತರಿಸಿದರೆ ಆಗಲಿಲ್ಲ. ಆ ನಾಲಿಗೆಯ ತುದಿಯನ್ನು ಕೂದಲೆಳೆಯಷ್ಟು ಹೆರೆದು, ಊದಿ, ಮತ್ತೆ ಹೆರೆದು, ಮತ್ತೆ ಊದಿ, ದನಿಯನ್ನು ಸರಿಗೆ ತರಬೇಕು. ಅದನ್ನು ಮಾಡಬಲ್ಲವರು ಆ ಮನೆಯಲ್ಲಿ ಸೊಸೆ ಒಬ್ಬರೇ, ನಾನು ಅಕ್ಕ ಅನ್ನುತ್ತಿದ್ದವರು. ಮೆಟ್ಟಿಲ ಕೆಳಗಿನ ಒಂದು ಗೂಡಿನಂಥ ಕೋಣೆ ಅವರದ್ದು. ಅಕ್ಕಪಕ್ಕದವರು ಸದ್ದಿಗೆ ತಕರಾರು ತೆಗೆದಿದ್ದರಿಂದ ಕಿಟಕಿಗೆ ಹಲಗೆ ಹೊಡೆದು, ಬಾಗಿಲ ಒಳಮೈಗೆ ಹತ್ತಿಯ ಹಾಸಿಗೆ ಕಟ್ಟಿದ್ದರು. ಫ್ಯಾನಿನ ಸದ್ದು ಸೇರಿದರೆ ದನಿ ತಿಳಿಯುವುದಿಲ್ಲ ಅಂತ ಫ್ಯಾನೂ ಇಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ ಒಳಗೆ ಹೋದರೆ, ನಡುವೆ ಊಟದ ಹೊತ್ತು ಬಿಟ್ಟರೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊರಗೆ ಬರುತ್ತಿದ್ದರು, ಸೆರಗೆಲ್ಲ ಬೆವರು, ತುಟಿಯೆಲ್ಲ ಬಿರುಕು. ಆ ತುಟಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾ ಗೇಟಿನ ಹತ್ತಿರ ಐದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು. ಅಷ್ಟೇ ಅವರ ಹೊರಗಿನ ಪ್ರಪಂಚ.

ಅಕ್ಕ ಗದಗಿನವರು. ಅವರ ತಂದೆ ಅಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು, ಅವರ ಕಡೆಯ ಮಾತಿನಲ್ಲಿ ಪೇಟಿ. ಪೇಟಿಯ ಹಿತ್ತಾಳೆ ನಾಲಿಗೆಗಳನ್ನು ಹೆರೆದು ಸ್ವರಕ್ಕೆ ಕೂರಿಸುವ ಅಪ್ಪನ ಪಕ್ಕದಲ್ಲೇ ಬೆಳೆದ ಹುಡುಗಿ. ಹೆಣ್ಣು ನೋಡಲು ಬಂದ ದಿನದ ಕಥೆಯನ್ನು ಅವರೇ ನನಗೆ ನಗುನಗುತ್ತಾ ಹೇಳಿದ್ದರು. "ಹಾಡು ಹೇಳವ್ವಾ ಅನ್ನಲಿಲ್ಲ ನೋಡು. ಮಾವಾರು ಕಿಸೆದಾಗಿಂದ ಮೂರು ಪೀಪಿ ತಗದು ಮುಂದ ಇಟ್ರು. ಇದರಾಗ ಸರಿ ಇರೋದು ಯಾವುದು ಹೇಳು ಅಂದ್ರು." ಮೂರನ್ನೂ ಒಂದೊಂದು ಸಲ ಊದಿ, ಒಂದನ್ನು ಎತ್ತಿಕೊಟ್ಟರಂತೆ. ಅಲ್ಲೇ ತಾಂಬೂಲ ಬದಲಾಯಿಸಿದರು. ವರದಕ್ಷಿಣೆಯ ಮಾತೇ ಇಲ್ಲ. ಊರಿಗೆ ಊರೇ ಪುಣ್ಯ ಮಾಡಿದ್ದಾಳೆ ಅಂತ ಹೊಗಳಿತಂತೆ.

ಅಂಕಲ್ ಕೆಟ್ಟವರು ಅಂತ ನಾನು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಬೇಕು. ಸೊಸೆಯನ್ನು "ಮಗಳೇ" ಅಂತಲೇ ಕರೆಯುತ್ತಿದ್ದರು. ಸಂಜೆ ಮಾರ್ಕೆಟ್ಟಿಗೆ ಹೋದರೆ ಮಲ್ಲಿಗೆ ತಪ್ಪಿಸುತ್ತಿರಲಿಲ್ಲ. ಗಂಟಲಿಗೆ ಒಳ್ಳೆಯದು ಅಂತ ತಾವೇ ಬಾದಾಮಿ ಹಾಲು ಕಾಯಿಸಿ ಕೊಡುತ್ತಿದ್ದರು. ತುಟಿ ಒಡೆದೀತು ಅಂತ ಮೆಣಸಿನಕಾಯಿ ಬೇಡ, ಗಂಟಲು ಕಟ್ಟೀತು ಅಂತ ಹುಣಸೆಹಣ್ಣು ಬೇಡ, ಐಸ್‌ಕ್ರೀಮ್ ಅಂತೂ ಕೇಳಲೇಬೇಡಿ. ಗದಗಿನವರಿಗೆ ಮೆಣಸಿನಕಾಯಿ ಬೇಡ ಅಂದರೆ! ನಮ್ಮ ಸ್ನೇಹ ಶುರುವಾಗಿದ್ದೇ ಅಲ್ಲಿ. ಮನೆಯವರೆಲ್ಲ ಊಟ ಮಾಡಿ ಅಡ್ಡಾದಾಗ ಅಕ್ಕ ಬೆಕ್ಕಿನ ಹಾಗೆ ಮೆಟ್ಟಿಲು ಹತ್ತಿ ನನ್ನ ಅಡುಗೆಮನೆಗೆ ಬರುತ್ತಿದ್ದರು. ನಾನು ಮಿರ್ಚಿ ಬಜ್ಜಿ ಕರಿಯುತ್ತಿದ್ದೆ. ಒಡೆದ ತುಟಿಗೆ ಖಾರ ತಾಗಿ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆದರೂ "ಇನ್ನೊಂದು ಹಾಕವ್ವಾ" ಅನ್ನುತ್ತಿದ್ದರು.

ಅಕ್ಕ ಊರಿಗೆ ಹೋಗಿ ಮೂರು ವರ್ಷವಾಗಿತ್ತು. ಕಾರಣ ಕೇಳಿದರೆ ನಗು ಬರುತ್ತದೆ, ಆಮೇಲೆ ಸಂಕಟವಾಗುತ್ತದೆ. ಆ ಕೊನೆಯ ಸಲ ತಂಗಿಯ ಮದುವೆಗೆಂದು ಹತ್ತು ದಿನ ಹೋಗಿದ್ದರು. ಅಷ್ಟರಲ್ಲಿ ಆರ್ಡರಿನ ಗಡುವು ಬಂತು. ಹೊರದೇಶದವರು ಕಳಿಸಿದ್ದ ನಿಜವಾದ ಬಾತಿನ ದನಿಯ ಕ್ಯಾಸೆಟ್ ಒಂದಿತ್ತು. ಅದನ್ನೇ ಕೇಳಿ ನಾವೇ ದನಿ ಕೂರಿಸೋಣ ಅಂತ ಅಪ್ಪ ಮಗ ಹೊರಟರು. ನಾಲ್ಕು ದಿನ ಕರೆಂಟು ಕಣ್ಣಾಮುಚ್ಚಾಲೆ ಆಡಿತು. ಟೇಪ್ ರೆಕಾರ್ಡರಿಗೆ ಹಳೆಯ ಸೆಲ್ಲು ಹಾಕಿದರು. ಸೆಲ್ಲು ಸೋತಿತ್ತು, ಟೇಪು ಎಳೆಯಿತು, ಬಾತಿನ ದನಿ ಎಮ್ಮೆಯ ದನಿಯಾಯಿತು. ಇವರು ಅದಕ್ಕೇ ಸರಿಯಾಗಿ ಎಲ್ಲ ಪೀಪಿಗಳನ್ನೂ ಕೂರಿಸಿ ಹಡಗು ಹತ್ತಿಸಿದರು! ಕೆಲವು ತಿಂಗಳ ನಂತರ ಪೆಟ್ಟಿಗೆಗಳು ಹಾಗೇ ವಾಪಸ್ಸು ಬಂದವು. ಇದನ್ನು ಊದಿದರೆ ಬರುವ ಬಾತು ಇರಲಿ, ಇದ್ದ ಬಾತೂ ಹಾರಿಹೋಯಿತು ಅಂತ ಕಾಗದ ಬಂದಿತ್ತಂತೆ. ಅಕ್ಕ ಒಂದನ್ನು ಊದಿ ನೋಡಿದವರೇ "ಸೆಲ್ ವೀಕ್ ಆದ ಬಾತು ಇದು ಮಾವ" ಅಂದರಂತೆ.

ಅವತ್ತಿನಿಂದ ಅಂಕಲ್ ಹೆದರಿಬಿಟ್ಟರು. "ಊರಿಗೆ ಹೋಗ್ಬೇಡ ಅನ್ನಲ್ಲ ಮಗಳೇ. ಬೆಳಿಗ್ಗೆ ಹೋಗಿ ಸಂಜೆ ಬಂದ್ಬಿಡು" ಅನ್ನುತ್ತಿದ್ದರು. ಗದಗ ಏನು ಬನಶಂಕರಿಯೇ, ಬೆಳಿಗ್ಗೆ ಹೋಗಿ ಸಂಜೆ ಬರುವುದಕ್ಕೆ?

ನಾವು ಬಂದ ಎರಡನೆಯ ವರ್ಷ ಆಷಾಢದಲ್ಲಿ ಅಕ್ಕನ ತಂದೆಯ ಕಾಗದ ಬಂತು. ಅಕ್ಕ ಅದನ್ನು ನನ್ನ ಅಡುಗೆಮನೆಯಲ್ಲಿ ಕೂತು ಓದಿದರು. ಬಲಗಿವಿ ಪೂರಾ ಹೋಗಿದೆ, ಎಡಗಿವಿ ಅರ್ಧ. ಶ್ರಾವಣದ ಭಜನೆಗೆ ಸುತ್ತಲ ಹಳ್ಳಿಗಳ ಪೇಟಿಗಳು ಬಂದು ಕೂತಿವೆ. ಇಲ್ಲ ಅಂತ ಯಾರಿಗೂ ಹೇಳಿಲ್ಲ. ಒಂದು ತಿಂಗಳು ಬಂದು ನನ್ನ ಕಿವಿ ಆಗವ್ವಾ... ಅಷ್ಟೇ ಕಾಗದ. ಅಕ್ಕ ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಿರ್ಚಿಯ ಕಣ್ಣೀರು ಲೆಕ್ಕಕ್ಕಿಲ್ಲ.

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ನನಗೆ ಹೇಳಿಕೊಡಿ ಅಕ್ಕ, ಒಂದು ತಿಂಗಳು ನಾನು ನೋಡ್ಕೋತೀನಿ" ಅಂದುಬಿಟ್ಟೆ. ಅಕ್ಕ ನನ್ನ ಮುಖವನ್ನೇ ನೋಡಿದರು. ಮಾರನೆಯ ದಿನದಿಂದ ಪಾಠ ಶುರು. ಮಧ್ಯಾಹ್ನ ಅಂಕಲ್ ಮಲಗಿದಾಗ ಆ ಕೋಣೆಯಲ್ಲಿ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದೆವು. ಬಾಗಿಲು ಹಾಕಿದ ಹತ್ತು ನಿಮಿಷಕ್ಕೆ ನನಗೆ ಉಸಿರು ಕಟ್ಟುತ್ತಿತ್ತು. ಮೊದಲ ವಾರ ಎಲ್ಲವೂ ಒಂದೇ ಕೂಗು. ಎರಡನೆಯ ವಾರ ಒಂದು ಮಧ್ಯಾಹ್ನ, ಕಿವಿಯೊಳಗೆ ಯಾರೋ ಚಿಲಕ ತೆಗೆದ ಹಾಗೆ, ಇದು ಸರಿ, ಇದು ಅಲ್ಲ ಅಂತ ತಾನಾಗಿಯೇ ಗೊತ್ತಾಗತೊಡಗಿತು. ಅಕ್ಕ ಇಟ್ಟ ಆರರಲ್ಲಿ ಆರನ್ನೂ ಸರಿಯಾಗಿ ಆರಿಸಿದೆ. ಅಕ್ಕ ನನ್ನ ಎರಡೂ ಕೆನ್ನೆ ಹಿಡಿದು, "ಬಂತು ನೋಡ! ನಿನಗ ಬಂತು!" ಅಂತ ಕುಣಿದುಬಿಟ್ಟರು. ಅವತ್ತೇ ಅಂಕಲ್‌ಗೆ ಹೇಳಿದರು. ಭಾನುವಾರ ನಾನೇ ಪರೀಕ್ಷೆ ಮಾಡುತ್ತೇನೆ, ಪಾಸಾದರೆ ನೀನು ಹೊರಡಮ್ಮ ಅಂತ ಅಂಕಲ್ ಒಪ್ಪಿದರು. ಅಕ್ಕ ಟ್ರಂಕಿನಿಂದ ಸೀರೆ ತೆಗೆದು ಬಿಸಿಲಿಗೆ ಹಾಕಿದರು.

ನನಗೂ ಅದೇ ವಾರ ಒಂದು ಕಾಗದ ಬಂದಿತ್ತು. ಒಂದು ಆಫೀಸಿನ ಗುಮಾಸ್ತೆಯ ಕೆಲಸಕ್ಕೆ ಬರೆದಿದ್ದೆ, ಇಂಟರ್‌ವ್ಯೂಗೆ ಕರೆದಿದ್ದರು. ನಮ್ಮವರಿಗೆ ಇಷ್ಟವಿರಲಿಲ್ಲ. ಪೀಪಿಯ ವಿಷಯ ಕಿವಿಗೆ ಬಿದ್ದದ್ದೇ, "ಕೆಳಗೇ ಕೆಲಸ ಇದೆಯಲ್ಲ, ಬಸ್ ಹತ್ತಿಕೊಂಡು ಯಾಕೆ ಅಲೀತೀಯಾ?" ಅಂದರು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಮೆಟ್ಟಿಲಿಳಿಯುತ್ತಿದ್ದೆ. ಶೆಡ್ಡಿನಲ್ಲಿ ಅಂಕಲ್ ಮಗನಿಗೆ ಹೇಳುತ್ತಿದ್ದರು: "ಇನ್ನೇನು ಯೋಚನೆ ಇಲ್ಲ ಬಿಡು. ಇವಳಿಲ್ಲದಿದ್ರೆ ಅವಳು, ಅವಳಿಲ್ಲದಿದ್ರೆ ಇವಳು. ಮೇಲೇ ಇರ್ತಾಳೆ, ಎಲ್ಲಿಗೆ ಹೋಗ್ತಾಳೆ?"

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಖುಷಿಯಿಂದಲೇ ಹೇಳಿದ್ದು. ನಾನು ಮಾತ್ರ ಮೆಟ್ಟಿಲಲ್ಲೇ ನಿಂತುಬಿಟ್ಟೆ. ಹಲಗೆ ಹೊಡೆದ ಆ ಕಿಟಕಿ ಮೆಟ್ಟಿಲಿನಿಂದ ಕಾಣುತ್ತಿತ್ತು. ಅದರ ಹಿಂದೆ ಕೂತವಳು ನಾನೇ ಅನ್ನಿಸಿತು. ಒಂದು ತಿಂಗಳು ಅಂತ ಹೋದ ಅಕ್ಕ ಬರದಿದ್ದರೆ? ಬಂದರೂ, ಒಂದು ಸಲ ನನಗೆ ಕಿವಿಯಿದೆ ಅಂತ ಗೊತ್ತಾದ ಮೇಲೆ ಯಾರು ಬಿಡುತ್ತಾರೆ?

ವರಾಂಡದ ಮೇಜಿನ ಮೇಲೆ, ಅಕ್ಕ ಮೊದಲೇ ಊದಿ ಸರಿ ತಪ್ಪು ಹೇಳಿದ್ದ ಹತ್ತು ಪೀಪಿ ಇಟ್ಟಿದ್ದರು. ಮೂರು ಸರಿ ಇವೆ, ಆರಿಸಮ್ಮ ಅಂದರು ಅಂಕಲ್. ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದರು, ತಲೆಗೆ ಸ್ನಾನ ಮಾಡಿ ಕುಂಕುಮ ಇಟ್ಟುಕೊಂಡಿದ್ದರು. ನಾನು ಒಂದೊಂದನ್ನೇ ಊದಿದೆ. ಎರಡನೆಯದು, ಐದನೆಯದು, ಒಂಬತ್ತನೆಯದು. ದೇವರಾಣೆ, ಹಗಲಿನಷ್ಟು ಸ್ಪಷ್ಟವಾಗಿ ಕೇಳಿಸಿತು. ಮೊದಲನೆಯದನ್ನೂ ನಾಲ್ಕನೆಯದನ್ನೂ ಕೊನೆಯದನ್ನೂ ಎತ್ತಿ ಕೊಟ್ಟೆ.

ಅಂಕಲ್ ನಿಟ್ಟುಸಿರು ಬಿಟ್ಟರು. ಅಕ್ಕ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ, "ಗಾಬರಿ ಆಗಿದೆ ಮಾವ ಅವಳಿಗೆ, ಬೈಬೇಡಿ" ಅಂತ ನನ್ನ ಪರವಾಗಿಯೇ ಮಾತಾಡಿದರು. ತಂತಿಯ ಮೇಲಿದ್ದ ಸೀರೆಗಳನ್ನು ಮಡಚಿ ಒಳಗಿಟ್ಟರು. ಐದು ನಿಮಿಷಕ್ಕೆ ನನ್ನ ಅಡುಗೆಮನೆಯ ನೆಲದಡಿಯಿಂದ ಬಾತು ಕೂಗತೊಡಗಿತು. ಭಾನುವಾರವೂ.

ಇನ್ನೊಂದು ಸಲ ನೋಡಿ ಅಂತ ನಾನು ಅವತ್ತೋ ಮರುದಿನವೋ ಹೇಳಬಹುದಿತ್ತು. ಹೇಳಲಿಲ್ಲ. ಅಕ್ಕ ಗಾಬರಿ ಅಂತಲೇ ನಂಬಿದ್ದಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಂಟರ್‌ವ್ಯೂಗೆ ಹೋದೆ, ಕೆಲಸ ಸಿಕ್ಕಿತು. ಶ್ರಾವಣ ಬಂತು, ಹೋಯಿತು. ಗದಗಿನಲ್ಲಿ ಅಕ್ಕನ ತಂದೆ ಪೇಟಿಗಳನ್ನೆಲ್ಲ ಹಾಗೇ ವಾಪಸ್ಸು ಕೊಟ್ಟು ಅಂಗಡಿ ಮುಚ್ಚಿದರು. ಹೆರೆಯುವ ಉಳಿಗಳನ್ನು ಒಂದು ಬಟ್ಟೆಯಲ್ಲಿ ಸುತ್ತಿ ಮಗಳಿಗೆ ಪಾರ್ಸೆಲ್ ಮಾಡಿದ್ದರು. ಅಕ್ಕ ಆಮೇಲೆ ಎಕ್ಸ್-ರೇ ಫಿಲ್ಮನ್ನು ಅದರಲ್ಲೇ ಹೆರೆಯುತ್ತಿದ್ದರು. ಮಿರ್ಚಿಗೆ ಮೇಲೆ ಬರುವುದನ್ನು ನಿಲ್ಲಿಸಲಿಲ್ಲ. ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು... ಬೈಯಲಿಲ್ಲ.

ಎರಡು ವರ್ಷದ ನಂತರ ನಾವು ಪದ್ಮನಾಭನಗರಕ್ಕೆ ಮನೆ ಬದಲಾಯಿಸಿದೆವು. ಲಾರಿಗೆ ಸಾಮಾನು ಏರಿಸುವಾಗ ಅಕ್ಕ ಈ ಹಸಿರು ಚೀಲವನ್ನು ತಂದು ನನ್ನ ಕೈಗಿಟ್ಟರು. ಅರಿಶಿನ ಕುಂಕುಮ ಕೊಟ್ಟು, ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು: "ಒಳಗ ಮೂರು ಪೀಪಿ ಅದಾವ. ಒಂದು ಸರಿ ಐತಿ. ಯಾವುದಂತ ನಾ ಹೇಳಂಗಿಲ್ಲ. ನಿನಗ ಗೊತ್ತಾಗ್ತೈತಿ."

ಗೊತ್ತಿತ್ತು ಅವರಿಗೆ. ಆ ಭಾನುವಾರದಿಂದಲೂ ಗೊತ್ತಿತ್ತು. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಎರಡು ವರ್ಷ ನನ್ನ ಕೈಯ ಬಜ್ಜಿ ತಿಂದಿದ್ದರು. ನಾನು ತಲೆ ತಗ್ಗಿಸಿಕೊಂಡು ಲಾರಿ ಹತ್ತಿದೆ.

ಆಮೇಲೆ ಆ ಕಡೆ ತಲೆ ಹಾಕಲು ಮುಖವಿರಲಿಲ್ಲ. ತುಂಬ ವರ್ಷಗಳ ನಂತರ, ಎರಡು ಸಾವಿರದ ಇಸವಿ ದಾಟಿ ಎಷ್ಟೋ ಆದ ಮೇಲೆ, ಧೈರ್ಯ ಮಾಡಿ ಹೋದೆ. ಮನೆ ಕೆಡವಿ ಮೂರು ಅಂತಸ್ತಿನ ಪೇಯಿಂಗ್ ಗೆಸ್ಟ್ ಕಟ್ಟಿದ್ದರು. ಎದುರಿನ ಇಸ್ತ್ರಿ ಗಾಡಿಯವನಿಗೆ ನನ್ನ ಗುರುತು ಹತ್ತಿತು. "ಪೀಪಿ ಅಮ್ಮನಾ? ತೀರ್ಕೊಂಡ್ರಲ್ಲ ಮೇಡಂ, ಎರಡು ವರ್ಷ ಆಯ್ತು. ಅವರು ಹೋದ್ಮೇಲೆ ಪೀಪಿ ಕೆಲಸಾನೇ ನಿಂತೋಯ್ತು" ಅಂದ. ಊರಿಗೆ ಯಾವಾಗಲಾದರೂ ಹೋಗಿದ್ದರಾ ಅಂತ ಕೇಳಿದೆ. ಅವರಪ್ಪ ಸತ್ತಾಗ ಒಂದು ದಿನ ಹೋಗಿ ಬಂದಿದ್ದರಂತೆ.

ಬಣ್ಣದವನು ಟೀಗೆ ಹೋದ ಮೇಲೆ ಚೀಲದ ಹಗ್ಗ ಬಿಚ್ಚಿದೆ. ಮೂರೂ ಇದ್ದವು. ಇಷ್ಟು ವರ್ಷ ಒಂದನ್ನೂ ತುಟಿಗೆ ತಾಗಿಸಿರಲಿಲ್ಲ. ಧೂಳು ಒರೆಸಿ ಮೊದಲನೆಯದನ್ನು ಊದಿದೆ. ಎರಡನೆಯದನ್ನು ಊದಿದೆ. ಮೂರನೆಯದನ್ನು ಊದುವ ಅಗತ್ಯವಿರಲಿಲ್ಲ, ಆದರೂ ಊದಿದೆ.

"ಎರಡನೇದು ಅಕ್ಕ," ಅಂದೆ, ಜೋರಾಗಿಯೇ.

"ಯಾರ ಹತ್ರ ಮಾತಾಡ್ತಿದ್ದೀಯಾ?" ಅಂತ ನಮ್ಮವರು ಒಳಗಿನಿಂದ ಕೂಗಿದರು.

ಯಾರೂ ಇಲ್ಲ ಅಂದೆ.